ಹಳೆಯ ಭಾಗ ಎಸೆಯಬೇಡ ತಮ್ಮಾ

ತಮ್ಮಾ, ಏರ್‌ಗನ್ ರಿಪೇರಿ ಕಲಿಯಬೇಕು ಅಂತ ಬಂದಿದ್ದೀ, ಸಂತೋಷ. ಈ ಕೆಲಸಕ್ಕೆ ಕೈ ಹಚ್ಚುವವರು ಈಗ ಕಡಿಮೆ. ಹಾಗಾಗಿ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುತ್ತೇನೆ. ಮೊದಲ ಮಾತು ಇದು: ಬಂದೂಕಿನ ಒಳಗಿನಿಂದ ಏನೇ ಮುರಿದು ಬಂದರೂ ಎಸೆಯಬೇಡ. ಎರಡು ತುಂಡಾದ ಸ್ಪ್ರಿಂಗ್, ಪುಡಿಯಾದ ಚರ್ಮದ ವಾಷರ್, ತಲೆ ಹಾರಿದ ಸ್ಕ್ರೂ, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮೇಲೆ ಯಾರ ಬಂದೂಕು ಅಂತ ಬರೆದಿಡು. ಹೊಸ ಭಾಗಕ್ಕೆ ಅಳತೆ ಕೊಡುವುದು ಅದೇ. ಹಳೆಯದು ಯಾಕೆ ಕೆಟ್ಟಿತು ಅಂತ ಹೇಳುವುದೂ ಅದೇ. ಆ ಎರಡನೆಯದನ್ನು ಕೇಳಿಸಿಕೊಳ್ಳದೆ ಹೊಸ ಸ್ಪ್ರಿಂಗ್ ಹಾಕಿಕೊಟ್ಟರೆ ಮುಂದಿನ ಜಾತ್ರೆಗೆ ಅದೇ ಬಂದೂಕು, ಅದೇ ಮುರಿತ, ಅದೇ ಗಿರಾಕಿ ಮತ್ತೆ ನಿನ್ನ ಬಾಗಿಲಿಗೆ.

ನಮ್ಮ ಹಾವೇರಿ ಕಡೆ ಹಳೆಯ ಏರ್‌ಗನ್ ಬರುವುದು ಹೆಚ್ಚಾಗಿ ಜಾತ್ರೆಯ ಪುಗ್ಗಾ ಅಂಗಡಿಗಳಿಂದ, ಅಂದರೆ ಬಲೂನಿಗೆ ಗುರಿ ಹೊಡೆಸುವವರಿಂದ. ಸಂಕ್ರಾಂತಿ ದಾಟಿತೆಂದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕಿನ ಹಳ್ಳಿಹಳ್ಳಿಯಲ್ಲೂ ತೇರು, ಜಾತ್ರೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ ಬಂದರೆ ಹಾನಗಲ್ ಹಾದಿ ಹಿಡಿದು ಹೋಗುವ ಅಂಗಡಿಕಾರರು ಅದಕ್ಕೆ ಮೊದಲೇ ಬಂದೂಕುಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನಮ್ಮೆದುರು ಸುರಿಯುತ್ತಾರೆ. ಇನ್ನು ಕೆಲವು ಸವಣೂರಿನ ಹಳೆಯ ಮನೆಗಳ ಅಟ್ಟದಿಂದ ಇಳಿದು ಬರುತ್ತವೆ. ಅಜ್ಜನದು, ರಿಪೇರಿ ಆದರೆ ಸಾಕು, ಮಾರುವುದಿಲ್ಲ ಅನ್ನುತ್ತಾರೆ. ಹಿರೇಕೆರೂರು ಕಡೆಯಿಂದ ಗೋವಿನಜೋಳದ ಹೊಲದವರು ತರುತ್ತಾರೆ. ಅವರ ವಿಷಯ ಆಮೇಲೆ ಹೇಳುತ್ತೇನೆ. ಅದು ಬೇರೆಯೇ ಮಾತು.

ಬಂದೂಕು ಮೇಜಿನ ಮೇಲೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಹೆಸರು. ಡಯಾನಾ ಅಂತ ಇದೆಯಾ, ಬಿ.ಎಸ್.ಎ. ಅಂತ ಇದೆಯಾ, ನ್ಯಾಷನಲ್ ಅಂತ ಇದೆಯಾ. ಹೆಸರು ನೋಡು, ಬೇಡ ಅನ್ನುವುದಿಲ್ಲ, ಆದರೆ ಹೆಸರನ್ನು ನಂಬಿ ಭಾಗ ತರಿಸಬೇಡ. ಡಯಾನಾದ ಕಥೆಯನ್ನೇ ತೆಗೆದುಕೋ. ಜರ್ಮನಿಯ ರಾಷ್ಟಾಟ್ ಊರಿನ ಮೇಯರ್ ಅಂಡ್ ಗ್ರಾಮೆಲ್ಸ್‌ಪಾಹರ್ ಕಂಪನಿಯದು ಅದು, 1890ರಲ್ಲಿ ಶುರುವಾದದ್ದು. ಬೇಟೆಯ ದೇವತೆ ಡಯಾನಾ ಬಿಲ್ಲನ್ನು ಕೆಳಗೆ ಬಿಸಾಕಿ ಕೈಯಲ್ಲಿ ಏರ್‌ಗನ್ ಎತ್ತಿ ಹಿಡಿದ ಚಿತ್ರ ಅವರ ಮುದ್ರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅವರ ಯಂತ್ರಗಳೂ ಆ ಹೆಸರಿನ ಹಕ್ಕೂ ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿಗೆ ಹೋದವು. ಜರ್ಮನಿಯವರು ಮತ್ತೆ ಕಾರ್ಖಾನೆ ಎಬ್ಬಿಸಿದರು, ಆದರೆ ಬ್ರಿಟನ್ನಿನಲ್ಲಿ ಸ್ವಂತ ಹೆಸರು ಬಳಸುವ ಹಾಗಿರಲಿಲ್ಲ, 'ಒರಿಜಿನಲ್' ಅಂತ ಮಾರಿದರು. 1980ರ ದಶಕದ ಆರಂಭದವರೆಗೂ ಹೀಗೇ ನಡೆಯಿತು. ಅಂದರೆ ಮೂವತ್ತು ವರ್ಷಕ್ಕೂ ಮೇಲೆ ಲೋಕದಲ್ಲಿ ಎರಡು ಡಯಾನಾ ಇದ್ದವು. ಎರಡೂ ಕಡೆ 27 ನಂಬರಿನ ಮಾದರಿ ಇತ್ತು. ಒಳಗಿನ ಟ್ರಿಗರ್ ಬೇರೆ ಬೇರೆ. ಜರ್ಮನಿಯದರಲ್ಲಿ ಪಿಸ್ಟನ್ನಿನ ಕಡ್ಡಿಯನ್ನು ಸಣ್ಣ ಉಕ್ಕಿನ ಗುಂಡುಗಳು ಹಿಡಿಯುತ್ತವೆ, ಸ್ಕಾಟ್ಲೆಂಡಿನದರಲ್ಲಿ ಸಾದಾ ಕೊಕ್ಕೆ. '27ರ ಟ್ರಿಗರ್ ಭಾಗ ಕೊಡಿ' ಅಂತ ಬರೆದು ಕೇಳಿದವನಿಗೆ ಯಾವುದು ಬರುತ್ತದೆ?

ಜರ್ಮನಿಯ ಡಯಾನಾ ಕೈಗೆ ಬಂದರೆ ಪಿಸ್ಟನ್ ಓಡುವ ದೊಡ್ಡ ಕೊಳವೆಯ ಹಿಂಬದಿಯಲ್ಲಿ, ಎಡಗಡೆ, ಸಣ್ಣ ಅಂಕಿ ಹೊಡೆದಿರುತ್ತದೆ, ತಿಂಗಳು ಮತ್ತು ವರ್ಷ. ತುಕ್ಕು ಉಜ್ಜುವಾಗ ಅದನ್ನು ಅಳಿಸಿಬಿಡಬೇಡ. ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ ಓದಿಕೊಂಡು ಡಬ್ಬಿಯ ಮೇಲೆ ಬರೆದುಕೋ.

ನಮ್ಮ ದೇಶದವುಗಳಲ್ಲಿ ಹೆಚ್ಚು ಕಾಣುವುದು ಐಎಚ್‌ಪಿ ನ್ಯಾಷನಲ್. ಹಳ್ಳಿ ರಸ್ತೆಯ ಮೋರಿಗೆ ಹಾಕುವ ಹ್ಯೂಮ್ ಪೈಪ್ ಗೊತ್ತಲ್ಲ, ಅದೇ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ, ವಾಲ್‌ಚಂದ್ ಹೀರಾಚಂದ್ 1926ರಲ್ಲಿ ಕಟ್ಟಿದ್ದು, ಅವರೇ ಏರ್‌ರೈಫಲನ್ನೂ ಮಾಡಿದರು. ಗಟ್ಟಿ ಬಂದೂಕು. ಈ ದೇಶದಲ್ಲಿ ಎಷ್ಟೋ ಜನ ಗುರಿ ಹಿಡಿಯುವುದನ್ನು ಕಲಿತದ್ದು ಅದರಲ್ಲಿ. ಇದಲ್ಲದೆ ಹೆಸರೇ ಇಲ್ಲದ ಸಣ್ಣ ಕಾರ್ಖಾನೆಗಳ ಮಾಲೂ ಬರುತ್ತದೆ, ಜರ್ಮನ್ ಮಾದರಿಯನ್ನೋ ಇಂಗ್ಲಿಷ್ ಮಾದರಿಯನ್ನೋ ಎದುರಿಗಿಟ್ಟುಕೊಂಡು ಮಾಡಿದ್ದು. ಅದರಲ್ಲಿ ಒಂದೇ ವರ್ಷ ಒಂದೇ ಕಡೆ ತಯಾರಾದ ಎರಡು ಬಂದೂಕಿನ ಭಾಗಗಳೂ ಒಂದಕ್ಕೊಂದು ಕೂಡುವುದಿಲ್ಲ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಒಂದನ್ನು ಕೊಂಡುಕೋ. ಹೊಸ ಮೊಬೈಲ್ ನಂತರ ಕೊಂಡರೂ ನಡೆಯುತ್ತದೆ.

ಬಿಚ್ಚುವುದನ್ನು ಹೇಳುತ್ತೇನೆ, ಇದನ್ನು ಲಕ್ಷ್ಯ ಇಟ್ಟು ಕೇಳು. ನಳಿಕೆಯಲ್ಲಿ ಗುಂಡು ಇಲ್ಲ, ಸ್ಪ್ರಿಂಗ್ ಎಳೆದು ನಿಂತಿಲ್ಲ, ಇವೆರಡನ್ನೂ ನಿನ್ನ ಕಣ್ಣಿಂದ ನೋಡಿದ ಮೇಲೆಯೇ ಬಂದೂಕಿನ ಹಿಡಿಕೆಯ ಕಟ್ಟಿಗೆಯ ಸ್ಕ್ರೂಗೆ ಕೈ ಹಾಕು. ತಂದವನು 'ಖಾಲಿ ಐತ್ರಿ ಕಾಕಾ' ಅಂದರೂ ನೋಡು. ಕಟ್ಟಿಗೆಯಿಂದ ಕೊಳವೆ ಬಿಡಿಸಿದ ಮೇಲೆ ಹಿಂದಿನ ಟ್ರಿಗರ್ ತುಂಡನ್ನು ಒಂದೋ ಎರಡೋ ಪಿನ್ ಹಿಡಿದಿರುತ್ತವೆ. ಬಂದೂಕು ಎಳೆಯದೆ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಎರಡು ಇಂಚಿನಷ್ಟು ಅದುಮಿಕೊಂಡೇ ಕೂತಿರುತ್ತದೆ. ಪಿನ್ ಹೊಡೆದು ತೆಗೆದೆಯೋ, ಆ ಟ್ರಿಗರ್ ತುಂಡು ಮತ್ತು ಸ್ಪ್ರಿಂಗ್ ಎದೆಗೋ ಮುಖಕ್ಕೋ ಬಂದು ಬಡಿಯುತ್ತವೆ. ಬಾಗಿಲು ಚೌಕಟ್ಟು ಕೂಡಿಸುವಾಗ ಬಡಿಗರು ಬಳಸುವ ಉದ್ದ ಕ್ಲ್ಯಾಂಪ್ ಇರುತ್ತದಲ್ಲ, ಅದರಲ್ಲಿ ಉದ್ದಕ್ಕೆ ಹಿಡಿದು, ಸ್ಪ್ರಿಂಗಿನ ಒತ್ತಡವನ್ನು ಕ್ಲ್ಯಾಂಪಿಗೆ ಕೊಟ್ಟು, ಆಮೇಲೆ ಪಿನ್ ತೆಗೆ. ಪಿನ್ ಸಡಿಲಾಗಿ ಕೈಗೆ ಬರಬೇಕು. ಬಡಿದು ತೆಗೆಯಬೇಕಾಗಿ ಬಂತೆಂದರೆ ಒತ್ತಡ ಇನ್ನೂ ಪಿನ್ನಿನ ಮೇಲೇ ಇದೆ ಅಂತ ಅರ್ಥ. ಕ್ಲ್ಯಾಂಪಿನ ತಿರುಪನ್ನು ನಿಧಾನಕ್ಕೆ ಬಿಡುತ್ತಾ ಸ್ಪ್ರಿಂಗ್ ಪೂರ್ತಿ ಸತ್ತ ಮೇಲೆ ಹೊರಗೆ ತೆಗೆ. ಕ್ಲ್ಯಾಂಪ್ ಇಲ್ಲದ ದಿನ ಬಂದೂಕು ಬಿಚ್ಚಬೇಡ, ಗಿರಾಕಿ ಎಷ್ಟೇ ಅವಸರ ಮಾಡಲಿ.

ಹೊರಗೆ ಬಂದ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡು. ನಡುವೆ ಮುರಿದಿದ್ದರೆ ಮುರಿದ ಮುಖದ ಅಂಚಿನಲ್ಲಿ ತುಕ್ಕಿನ ಚುಕ್ಕೆ ಇದೆಯಾ ನೋಡು. ಹಾನಗಲ್ ಕಡೆಯ ಬಂದೂಕಿನಲ್ಲಿ ಇದು ಬಹಳ. ಮಲೆನಾಡಿನ ಅಂಚು, ನಾಲ್ಕು ತಿಂಗಳು ತೇವ, ಮಳೆಗಾಲ ಪೂರ್ತಿ ಗೋಣಿಚೀಲದಲ್ಲಿ ಬಿದ್ದಿರುತ್ತದೆ. ತುದಿಯ ಸುತ್ತಿನಲ್ಲಿ ಮುರಿದಿದ್ದರೆ ತುದಿಯನ್ನು ತೀರ ತೆಳ್ಳಗೆ ಉಜ್ಜಿದ್ದರು ಅಂತ ತಿಳಿ. ಮುರಿಯದೆ ಬರೀ ಗಿಡ್ಡಾಗಿದ್ದರೆ ರಾತ್ರಿಯಿಡೀ ಎಳೆದು ಇಟ್ಟಿದ್ದಾರೆ, ಇಲ್ಲವೇ ತಂತಿಯೇ ಕಳಪೆ. ಕೆಲವು ಸುತ್ತುಗಳ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಸ್ಪ್ರಿಂಗ್ ಬಳುಕಿ, ತನ್ನನ್ನು ನೆಟ್ಟಗೆ ಹಿಡಿಯುವ ಒಳಗಿನ ಗೈಡ್ ಕಡ್ಡಿಗೆ ತಿಕ್ಕುತ್ತಿತ್ತು. ಆಗ ಸ್ಪ್ರಿಂಗ್ ಮಾತ್ರ ಬದಲಿಸಿ ಪ್ರಯೋಜನ ಇಲ್ಲ, ಲೇತಿನಲ್ಲಿ ಗೈಡನ್ನೂ ಹೊಸದಾಗಿ ತಿರುವಿಸಬೇಕು. ಪಿಸ್ಟನ್ನಿನ ಮುಖ ಮಸಿ ಹಿಡಿದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಯ ಕೆಲಸ ಅದು.

ಎಣ್ಣೆಯ ಕೆಲಸ ಅಂದೆ. ಪುಗ್ಗಾ ಅಂಗಡಿಯವರ ಬಂದೂಕು ಅರ್ಧಕ್ಕರ್ಧ ಹಾಳಾಗುವುದು ಇದರಿಂದಲೇ. ಹೊಡೆತ ಮೆತ್ತಗಾಯಿತು ಅಂತ ನಳಿಕೆಯ ಬುಡದ ತೂತಿನಿಂದ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡುತ್ತಾರೆ. ಮರುಕ್ಷಣವೇ ಬಂದೂಕು ಫಟ್ ಅಂತ ಜೋರಾಗಿ ಹೊಡೆಯುತ್ತದೆ, ಬಾಯಿಂದ ಹೊಗೆ ಬರುತ್ತದೆ. ಅಂಗಡಿಕಾರನಿಗೆ ಖುಷಿ. ಆದರೆ ಒಳಗೆ ಆಗುತ್ತಿರುವುದು ಏನು? ಪಿಸ್ಟನ್ ನುಗ್ಗಿದಾಗ ಗಾಳಿ ಒಮ್ಮೆಗೇ ಒತ್ತಿ ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ನಡೆಯುವುದೂ ಇದರಿಂದಲೇ. ಇಂಜಿನ್ನನ್ನು ಅದಕ್ಕೆಂದೇ ಕಟ್ಟಿದ್ದಾರೆ, ಏರ್‌ಗನ್ನನ್ನು ಅಲ್ಲ. ಹೊತ್ತಿದ ಎಣ್ಣೆ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಚರ್ಮದ ವಾಷರ್ ಸುಟ್ಟು ಇದ್ದಿಲಾಗುತ್ತದೆ. ಕೊಬ್ಬರಿ ಎಣ್ಣೆಯಾದರೆ ಇನ್ನೂ ಒಂದು ತೊಂದರೆ, ದಿನ ಕಳೆದಂತೆ ಅಂಟಾಗಿ ಕೂತುಬಿಡುತ್ತದೆ. ಹೊಸ ಸ್ಪ್ರಿಂಗ್ ಹಾಕಿ ಕೊಡುವಾಗ ಈ ಮಾತನ್ನು ಅಂಗಡಿಕಾರನಿಗೆ ಹೇಳದಿದ್ದರೆ ನೀನು ಅರ್ಧ ಕೆಲಸ ಮಾಡಿದ ಹಾಗೆ.

ಸ್ಪ್ರಿಂಗಿಗೆ ಐದು ಅಳತೆ ಬೇಕು: ತಂತಿಯ ದಪ್ಪ, ಹೊರ ವ್ಯಾಸ, ಒಳ ವ್ಯಾಸ, ಬಿಟ್ಟಾಗಿನ ಉದ್ದ, ಸುತ್ತುಗಳ ಲೆಕ್ಕ. ಮುರಿದದ್ದಾದರೆ ತುಂಡುಗಳನ್ನು ಕೂಡಿಸಿ ಸುತ್ತು ಎಣಿಸು. ಇದರಲ್ಲಿ ತಂತಿಯ ದಪ್ಪಕ್ಕೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಅಂಗಡಿಯವನು '3 ಮಿಲಿಮೀಟರಿನದು ಇಲ್ಲ, 3.2ರದು ಇದೆ, ಏನೂ ಫರಕ್ ಆಗಲ್ಲ' ಅನ್ನುತ್ತಾನೆ. ಆಗುತ್ತದೆ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. ಉಳಿದದ್ದೆಲ್ಲ ಅಷ್ಟೇ ಇದ್ದು ತಂತಿ 3ರಿಂದ 3.2 ಆದರೆ ಬಿಗಿ ಶೇಕಡ 29ರಷ್ಟು ಹೆಚ್ಚಾಯಿತು. ಅಲ್ಲಿಗೆ ಮುಗಿಯುವುದಿಲ್ಲ. 33 ಸುತ್ತಿನ ಸ್ಪ್ರಿಂಗ್ ಅಂತ ಇಟ್ಟುಕೋ. 3 ಮಿಲಿಮೀಟರ್ ತಂತಿಯಾದರೆ ಪೂರ್ತಿ ಅದುಮಿದಾಗ 99 ಮಿಲಿಮೀಟರ್ ಜಾಗ ಸಾಕು. 3.2 ಆದರೆ 105 ದಾಟುತ್ತದೆ. ಒಳಗೆ ಅಷ್ಟು ಜಾಗ ಇಲ್ಲದಿದ್ದರೆ ಸುತ್ತಿಗೆ ಸುತ್ತು ತಾಗಿ ನಿಂತು, ಪಿಸ್ಟನ್ ಕೊಕ್ಕೆಯವರೆಗೆ ಬರುವುದೇ ಇಲ್ಲ. ಗಿರಾಕಿ ಜೋರು ಮಾಡಿ ನಳಿಕೆ ಬಗ್ಗಿಸುತ್ತಾನೆ, ನಳಿಕೆಗೂ ಪಿಸ್ಟನ್ನಿಗೂ ನಡುವಿನ ಎಳೆಯುವ ಕೈಯ ಪಿನ್ ಬಾಗುತ್ತದೆ. ಇದನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕಿದರೆ ಕಾಲು ತಾಸು ಹಿಡಿಯುತ್ತದೆ. ಹಾಕದೆ ಕೂಡಿಸಿದರೆ ಒಂದು ದಿನ ಹೋಗುತ್ತದೆ.

ಸೈಕಲ್ ಸೀಟಿನ ಸ್ಪ್ರಿಂಗ್, ಬೈಕಿನ ಕ್ಲಚ್ ಸ್ಪ್ರಿಂಗ್ ಎರಡು ಮೂರು ಜೋಡಿಸಿ ತುರುಕಿದ ಬಂದೂಕುಗಳೂ ಬರುತ್ತವೆ. ತೆಗೆದುಹಾಕು. ಏರ್‌ಗನ್ ಸ್ಪ್ರಿಂಗಿಗೆ ಹದ ಕೊಟ್ಟ ಸ್ಪ್ರಿಂಗ್ ತಂತಿಯೇ ಬೇಕು. ಅದನ್ನು ಸುತ್ತುವವರು ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೇಳು, ಬೆಳಗಾವಿಯ ಉದ್ಯಮಬಾಗದಲ್ಲಿ ಕೇಳು. ಹಳೆಯ ಸ್ಪ್ರಿಂಗ್ ಕೈಯಲ್ಲಿ ಹಿಡಿದುಕೊಂಡು ಹೋಗು, ಮೊಬೈಲಿನ ಫೋಟೋ ಬೇಡ. ಉದ್ದದ ಸ್ಪ್ರಿಂಗ್ ತಂದು ಕತ್ತರಿಸುವ ಪ್ರಸಂಗ ಬಂದರೆ ಕೊನೆಯ ಸುತ್ತನ್ನು ಮಾತ್ರ ಕೆಂಪಗೆ ಕಾಯಿಸಿ ಪಕ್ಕದ ಸುತ್ತಿಗೆ ಕೂಡಿಸಿ ಚಪ್ಪಟೆ ಮಾಡು. ಬಿಸಿ ಎರಡನೆಯ ಸುತ್ತಿಗೆ ಹರಿಯದ ಹಾಗೆ ಒದ್ದೆ ಬಟ್ಟೆ ಸುತ್ತು. ಆಮೇಲೆ ಕಲ್ಲಿಗೆ ಹಿಡಿದು ನೆಟ್ಟಗೆ ಉಜ್ಜು. ಮೇಜಿನ ಮೇಲೆ ನಿಲ್ಲಿಸಿದರೆ ಓಲಾಡದೆ ನಿಲ್ಲಬೇಕು.

ಇನ್ನು ಚರ್ಮದ ವಾಷರ್. ನನಗೆ ಈ ಕೆಲಸದಲ್ಲಿ ಬಹಳ ಪ್ರೀತಿಯ ಭಾಗ ಇದು, ಯಾಕೆಂದರೆ ಇದನ್ನು ಎಲ್ಲಿಂದಲೂ ತರಿಸಬೇಕಿಲ್ಲ, ನಾವೇ ಮಾಡಬಹುದು. ಹಳೆಯ ಬಂದೂಕಿನ ಪಿಸ್ಟನ್ನಿನ ತಲೆಗೆ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ಗಾಳಿ ಒತ್ತಿದಾಗ ಅದರ ಅಂಚು ಅರಳಿ ಕೊಳವೆಯ ಗೋಡೆಗೆ ಅಂಟಿ ನಿಲ್ಲುತ್ತದೆ, ಸೋರಲು ಬಿಡುವುದಿಲ್ಲ. ಇದೇ ವಿದ್ಯೆ ಸೀಮೆಎಣ್ಣೆಯ ಪಂಪ್ ಸ್ಟೋವಿನಲ್ಲಿತ್ತು, ಸೈಕಲ್ ಪಂಪಿನಲ್ಲಿತ್ತು. ಊರೂರಿನ ಬೋರಿಂಗ್ ಕೈಪಂಪಿನಲ್ಲೂ ಇತ್ತು: ಸೊಲ್ಲಾಪುರದ ಪಂಪಿನ ಮಾದರಿಯಿಂದ 1970ರ ದಶಕದಲ್ಲಿ ಬೆಳೆದ ಇಂಡಿಯಾ ಮಾರ್ಕ್ 2 ಪಂಪಿಗೆ ಮೊದಲು ಹಾಕುತ್ತಿದ್ದುದು ಚರ್ಮದ ಬಟ್ಟಲುಗಳನ್ನೇ, ರಬ್ಬರ್ ಬಂದದ್ದು ಆಮೇಲೆ. ಸ್ಟೋವ್ ರಿಪೇರಿಯವರು ಸಂತೆಯಲ್ಲಿ ಕೂರುತ್ತಿದ್ದ ಕಾಲದಲ್ಲಿ ಈ ಚರ್ಮದ ಹದ ಅವರಿಗೆಲ್ಲ ಗೊತ್ತಿತ್ತು. ಆದರೆ ಸ್ಟೋವಿನ ವಾಷರನ್ನೇ ತಂದು ಏರ್‌ಗನ್ನಿಗೆ ಹಾಕಬೇಡ. ತೀರ ತೆಳು, ಕೈಯಿಂದ ಒತ್ತುವ ಒತ್ತಡಕ್ಕೆ ಮಾಡಿದ್ದು.

ಮಾಡುವ ಬಗೆ ಹೀಗೆ. ಮೊದಲು ಕೊಳವೆಯ ಒಳ ವ್ಯಾಸ ಅಳೆ. ನಮ್ಮಲ್ಲಿಗೆ ಬರುವ ಬಂದೂಕುಗಳಲ್ಲಿ ಹೆಚ್ಚಿನವು 25ರಿಂದ 28 ಮಿಲಿಮೀಟರಿನ ಆಸುಪಾಸು, ಹಳೆಯ ಬಿ.ಎಸ್.ಎ. ಆದರೆ ಒಂದು ಇಂಚು. ಚರ್ಮ ಸಮಗಾರರ ಹತ್ತಿರ ಕೇಳು. ಜಾಲಿ ಚಕ್ಕೆ, ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ದಪ್ಪ ಚರ್ಮ ಬೇಕು, ಚಪ್ಪಲಿಯ ಅಟ್ಟೆಗೆ ಬಳಸುವಂಥದ್ದು, 3 ಮಿಲಿಮೀಟರ್ ದಪ್ಪದ್ದು. ಬ್ಯಾಗಿಗೆ, ಜಾಕೆಟ್ಟಿಗೆ ಹಾಕುವ ಮೆತ್ತಗಿನ ಕ್ರೋಮ್ ಚರ್ಮ ಆಕಾರ ಹಿಡಿಯುವುದಿಲ್ಲ. ಕೊಳವೆಯ ಒಳ ವ್ಯಾಸ 25 ಇದ್ದರೆ ಲೇತಿನವನಿಂದ 25ರ ತೂತಿನ ಒಂದು ಉಂಗುರ, 19ರ ಒಂದು ಗುಂಡನೆಯ ಒತ್ತು ಮಾಡಿಸಿಕೋ. ಎರಡೂ ಬದಿಯ ಚರ್ಮದ ದಪ್ಪ ಸೇರಿ 6 ಹೋಗುತ್ತದೆ. ಚರ್ಮವನ್ನು ಬೇಕಾದದ್ದಕ್ಕಿಂತ ದೊಡ್ಡ ಬಿಲ್ಲೆಯಾಗಿ ಕತ್ತರಿಸಿ ಉಗುರು ಬೆಚ್ಚನೆಯ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸು. ಕುದಿಯುವ ನೀರು ಬೇಡ, ಚರ್ಮ ಮುರುಟಿ ಕೊಂಬಾಗುತ್ತದೆ. ಉಂಗುರದ ಮೇಲಿಟ್ಟು ಬೆಂಚ್ ವೈಸಿನಲ್ಲಿ ಒತ್ತನ್ನು ಸ್ವಲ್ಪ ಸ್ವಲ್ಪವೇ ಇಳಿಸು. ಒಮ್ಮೆಲೇ ಒತ್ತಿದರೆ ಮೂಲೆಯಲ್ಲಿ ಹರಿಯುತ್ತದೆ. ಹಾಗೆಯೇ ನೆರಳಿನಲ್ಲಿ ಪೂರ್ತಿ ಒಣಗಲು ಬಿಡು, ಬಿಸಿಲಿಗೆ ಇಡಬೇಡ. ಒಣಗಿದ ಮೇಲೆ ಅಚ್ಚಿನಲ್ಲಿ ಇರುವಾಗಲೇ ಹರಿತ ಬ್ಲೇಡಿನಿಂದ ಅಂಚು ನೆಟ್ಟಗೆ ಕತ್ತರಿಸು, ನಟ್ಟ ನಡುವೆ ಸ್ಕ್ರೂ ತೂತು ಮಾಡು. ತೂತು ಒಂದು ಕೂದಲು ಪಕ್ಕಕ್ಕೆ ಹೋದರೂ ವಾಷರ್ ಒಂದು ಕಡೆ ಸವೆಯುತ್ತದೆ.

ಚರ್ಮ ಒಣಗಿದ್ದರೆ ಪುಡಿಯಾಗುತ್ತದೆ, ಆದ್ದರಿಂದ ಅದಕ್ಕೆ ಎಣ್ಣೆ ಬೇಕೇ ಬೇಕು. ದನದ ಕಾಲಿನ ಎಲುಬಿನಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು. ವಾಷರನ್ನು ಅದರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ತೆಗೆದು, ಹಿಂಡಿ, ಬಟ್ಟೆಯ ಮೇಲೆ ಒಂದು ದಿನ ಬಿಡು. ಮುಟ್ಟಿದರೆ ಕೈಗೆ ಜಿಡ್ಡು ಹತ್ತಬೇಕು, ಹನಿ ಹತ್ತಬಾರದು. ಮೇಲೆ ಹೇಳಿದ ಎಣ್ಣೆಯ ಮಾತು ಇಲ್ಲಿಗೂ ಅನ್ವಯ: ಚರ್ಮದ ಒಳಗಿನ ಎಣ್ಣೆ ಬಂದೂಕನ್ನು ಕಾಯುತ್ತದೆ, ಚರ್ಮದ ಮುಂದೆ ನಿಂತ ಎಣ್ಣೆ ಬಂದೂಕನ್ನು ಸುಡುತ್ತದೆ. ಪಿಸ್ಟನ್ನಿಗೆ ಕೂಡಿಸುವಾಗ ನಡುವಿನ ಸ್ಕ್ರೂವಿನ ತಲೆ ಬಟ್ಟಲಿನ ಅಂಚಿಗಿಂತ ಒಳಗೇ ಇರಬೇಕು. ಹೊರಗೆ ಚಾಚಿದರೆ ಪ್ರತಿ ಹೊಡೆತಕ್ಕೂ ಕೊಳವೆಯ ತುದಿಯನ್ನು ಗುದ್ದುತ್ತದೆ. ವಾಷರ್ ಕೊಳವೆಗೆ ಬೆರಳಿನ ಒತ್ತಡಕ್ಕೆ ಹೋಗಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚಾಯಿತು, ಮರಳು ಕಾಗದದಿಂದ ಸ್ವಲ್ಪ ಉಜ್ಜು.

ನಳಿಕೆ ಮಡಚುವ ಕಡೆ ಇನ್ನೊಂದು ಸಣ್ಣ ವಾಷರ್ ಇರುತ್ತದೆ. ಅದು ಸೋರಿದರೂ ಹೊಡೆತ ಮೆತ್ತಗಾಗುತ್ತದೆ, ಜನ ಸುಮ್ಮನೆ ಸ್ಪ್ರಿಂಗನ್ನು ಬೈಯುತ್ತಾರೆ. ತೆಳುವಾದ ಕಾಗದದ ಚೂರನ್ನು ಆ ಸಂದಿನ ಮೇಲೆ ಇಟ್ಟು ಗುಂಡು ತುಂಬಿ ಹೊಡೆ. ಕಾಗದ ಹಾರಿದರೆ ಅಲ್ಲೇ ಸೋರಿಕೆ. ಕೆಲವೊಮ್ಮೆ ಬಂದೂಕಿನ ಇಡೀ ರೋಗ ಇದೊಂದು ಬಟನ್ ಗಾತ್ರದ ಚರ್ಮದಲ್ಲಿ ಇರುತ್ತದೆ. ಅದಕ್ಕೇ ಪೂರ್ತಿ ಬಿಚ್ಚುವ ಮೊದಲು ಈ ಕಾಗದದ ಪರೀಕ್ಷೆ ಮಾಡು, ಕಟ್ಟಿಗೆಯ ಸ್ಕ್ರೂಗಳು ಬಿಗಿಯಾಗಿವೆಯಾ ನೋಡು. ಸಡಿಲ ಸ್ಕ್ರೂ ಬಿಗಿ ಮಾಡಿದ್ದಕ್ಕೆ ಸ್ಪ್ರಿಂಗಿನ ದುಡ್ಡು ತೆಗೆದುಕೊಳ್ಳಬೇಡ.

ಸ್ಕ್ರೂವಿನ ಮಾತು ಬಂತು. ಬಿ.ಎಸ್.ಎ. ಅಂದರೆ ಬರ್ಮಿಂಗ್‌ಹ್ಯಾಮಿನ ಕಂಪನಿ, 1905ರ ಹೊತ್ತಿಗೇ ಲಿಂಕನ್ ಜೆಫ್ರೀಸ್ ಅವರ ಪೇಟೆಂಟಿನ ಮೇಲೆ ಏರ್‌ರೈಫಲ್ ಮಾಡಿದವರು. ಅವರದೆಲ್ಲ ಇಂಗ್ಲಿಷ್ ಥ್ರೆಡ್. ಜರ್ಮನಿಯದು ಮೆಟ್ರಿಕ್. 2 ಬಿ.ಎ. ಅನ್ನುವ ಇಂಗ್ಲಿಷ್ ಅಳತೆಯ ಸ್ಕ್ರೂವಿನ ದಪ್ಪ 4.7 ಮಿಲಿಮೀಟರ್, ಥ್ರೆಡ್ ಅಂತರ 0.81. ಇವತ್ತು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ5 ಸ್ಕ್ರೂ 5 ಮಿಲಿಮೀಟರ್, ಅಂತರ 0.8. ತುದಿ ಕಚ್ಚಿಕೊಳ್ಳುತ್ತದೆ, ಕೂತಿತು ಅನ್ನಿಸುತ್ತದೆ, ಜೋರು ಮಾಡಿದೆಯೋ ಎಂಬತ್ತು ವರ್ಷ ಸರಿಯಿದ್ದ ತೂತಿನ ಥ್ರೆಡ್ ಕಿತ್ತು ಬರುತ್ತದೆ. ಹೊಸ ಸ್ಕ್ರೂ ಎರಡು ರೂಪಾಯಿಯದು, ತೂತು ಸಿಗುವುದಿಲ್ಲ. ಬೆರಳಿನಿಂದ ಐದಾರು ಸುತ್ತು ಹೋಗದ ಸ್ಕ್ರೂವನ್ನು ಪಾನಾ ಹಚ್ಚಿ ಹಾಕಬೇಡ. ಲೇತಿನವನ ಹತ್ತಿರ ಹಳೆಯ ಸ್ಕ್ರೂ ತೋರಿಸಿ ಅದೇ ಥ್ರೆಡ್ಡಿನದು ಮಾಡಿಸಿಕೋ.

ಎಲ್ಲವನ್ನೂ ಮಾಡಿಸಲು ಆಗುವುದಿಲ್ಲ. ಗುರಿ ನೋಡುವ ಹಿಂದಿನ ಎಲೆ, ಟ್ರಿಗರ್ ಗಾರ್ಡ್, ಎಳೆಯುವ ಕೈ, ಇವಕ್ಕೆ ಸತ್ತ ಬಂದೂಕೇ ದಾರಿ. ಗುಜರಿ ಅಂಗಡಿಯವರಿಗೆ ಹೇಳಿಟ್ಟಿರು, ಜಾತ್ರೆ ಅಂಗಡಿಕಾರರ ಪೆಟ್ಟಿಗೆಯ ತಳದಲ್ಲಿ ಬಿದ್ದ ಮುರುಕುಗಳನ್ನು ಕೇಳು. ಕೊಳವೆ ತೂತು ಬಿದ್ದಿದ್ದರೂ ತಗೋ, ಒಳಗಿನ ಹತ್ತು ಭಾಗ ಬದುಕಿರುತ್ತವೆ. ಇಂಗ್ಲೆಂಡಿನಲ್ಲಿ ನೂರು ವರ್ಷದ ಬಿ.ಎಸ್.ಎ.ಗೂ ಇವತ್ತು ಸ್ಪ್ರಿಂಗ್, ವಾಷರ್ ಮಾಡಿ ಮಾರುವವರು ಇದ್ದಾರೆ. ಆದರೆ ಬಂದೂಕಿನ ಭಾಗ ಅಂತ ಬರೆದ ಪಾರ್ಸಲ್ ಕಸ್ಟಮ್ಸಿನಲ್ಲಿ ಪ್ರಶ್ನೆಗೆ ಸಿಕ್ಕಿಬೀಳುತ್ತದೆ. ಮೊದಲು ವಿಚಾರಿಸದೆ ತರಿಸಬೇಡ. ಕಟ್ಟಿಗೆಗೆ ಮಾತ್ರ ನಾವು ಯಾರ ಹಂಗಿನಲ್ಲೂ ಇಲ್ಲ. ಹಾನಗಲ್ಲಿನ ಬಡಿಗರು ಒಳ್ಳೆ ಸಾಗವಾನಿಯಲ್ಲಿ ಕೆತ್ತಿಕೊಡುತ್ತಾರೆ, ಹಳೆಯ ಕಟ್ಟಿಗೆ ಒಡೆದಿದ್ದರೂ ಮಾದರಿಗೆ ಕೊಡು.

ಟ್ರಿಗರಿನ ಕೊಕ್ಕೆಗೆ ಕಾನಸ ಹಚ್ಚಬೇಡ. 'ಟ್ರಿಗರ್ ಬಿಗಿ ಐತ್ರಿ, ಸ್ವಲ್ಪ ಹಗೂರ ಮಾಡ್ರಿ' ಅಂತ ಕೇಳುತ್ತಾರೆ. ಆ ಕೊಕ್ಕೆಯ ಮೇಲ್ಮೈಯ ತೆಳು ಪದರ ಮಾತ್ರ ಗಡಸು, ಒಳಗೆ ಮೆತ್ತಗಿನ ಉಕ್ಕು. ಆ ಪದರ ಹೋಯಿತೆಂದರೆ ಕೆಲವು ದಿನದಲ್ಲಿ ಅಂಚು ದುಂಡಾಗಿ ತಾನೇ ಜಾರುತ್ತದೆ. ಹಳೆಯ ಬಂದೂಕುಗಳಲ್ಲಿ ನಳಿಕೆ ಮಡಚಿ ಗುಂಡು ಇಡುವಾಗ ಕೊಕ್ಕೆ ಜಾರಿದರೆ ತಡೆಯುವ ಏನೂ ಇಲ್ಲ. ನಳಿಕೆ ಒಮ್ಮೆಗೇ ಮೇಲಕ್ಕೆ ಚಿಮ್ಮಿ ಬಡಿಯುತ್ತದೆ, ನಡುವೆ ಬೆರಳಿದ್ದರೆ ಹೋಯಿತು. ಗುಂಡು ಇಡುವಷ್ಟು ಹೊತ್ತೂ ಇನ್ನೊಂದು ಕೈ ನಳಿಕೆಯನ್ನು ಗಟ್ಟಿಯಾಗಿ ಹಿಡಿದಿರಬೇಕು ಅಂತ ಪ್ರತಿಯೊಬ್ಬ ಅಂಗಡಿಕಾರನಿಗೂ ಹೇಳು, ಮಾಡಿ ತೋರಿಸು. ಕೊಕ್ಕೆ ಸವೆದಿದ್ದರೆ ಬೇರೆಯದು ಹಾಕು, ಸಿಗದಿದ್ದರೆ ಬಂದೂಕನ್ನು ವಾಪಸ್ ಕೊಡು.

ಈಗ ಹೊಲದವರ ವಿಷಯ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಮಂಗ, ಗಿಳಿ, ನವಿಲು, ಹಂದಿ ಎಲ್ಲ ಹೊಲಕ್ಕೆ ಇಳಿಯುತ್ತವೆ. ರೈತನ ನಷ್ಟ ನಿಜ, ಅವನ ಸಿಟ್ಟೂ ನಿಜ. 'ಕಾಕಾ, ಜೋರ್ ಸ್ಪ್ರಿಂಗ್ ಹಾಕಿಕೊಡ್ರಿ' ಅಂತ ಬರುತ್ತಾನೆ. ಹಾಕಿಕೊಡಬೇಡ. ನವಿಲು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ನಮ್ಮ ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಅವಕ್ಕೆಂದೇ ಧಾಮ ಇದೆ. ಕಾನೂನಿನ ಮಾತು ಬಿಟ್ಟರೂ, ಅರ್ಧ ಗ್ರಾಂ ಸೀಸ ದೊಡ್ಡ ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ನರಳಿಸುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಲು ಹೇಳು, ಬೇಕಾದರೆ ಬರೆದುಕೊಡು.

ಶಕ್ತಿ ಹೆಚ್ಚಿಸುವ ಕೆಲಸಕ್ಕೆ ಇನ್ನೊಂದು ಅಡ್ಡಿಯೂ ಇದೆ. 2016ರ ಶಸ್ತ್ರ ನಿಯಮಗಳ ಪ್ರಕಾರ ಹೊಡೆತ 20 ಜೂಲ್ ದಾಟಿದರೂ, ನಳಿಕೆಯ ತೂತು 4.5 ಮಿಲಿಮೀಟರ್ ದಾಟಿದರೂ ಏರ್‌ಗನ್ನಿಗೆ ಪರವಾನಗಿ ಬೇಕು. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದರೆ 10 ಜೂಲ್. ಪುಗ್ಗಾ ಒಡೆಯಲು ಅಷ್ಟೂ ಬೇಡ. ಅಟ್ಟದಿಂದ ಇಳಿದ ಹಳೆಯ ವಿಲಾಯತಿ ಬಂದೂಕಿನ ನಳಿಕೆ 5.5 ಮಿಲಿಮೀಟರ್ ಇದ್ದರೆ ಕೈ ಹಚ್ಚುವ ಮೊದಲು ಕಾಗದಪತ್ರ ಕೇಳು. ಇಲ್ಲದಿದ್ದರೆ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಲು ಕಳಿಸು. ನಿನ್ನ ಅಂಗಡಿಯಲ್ಲಿ ಅದನ್ನು ಇಟ್ಟುಕೊಳ್ಳಬೇಡ.

ಪುಗ್ಗಾ ಅಂಗಡಿಯವರಲ್ಲಿ ಒಬ್ಬಿಬ್ಬರು ಗುರಿಯ ಎಲೆಯನ್ನು ಸ್ವಲ್ಪ ಓರೆ ಕೂಡಿಸಲು ಕೇಳುತ್ತಾರೆ, ಯಾರೂ ಬಹುಮಾನ ಗೆಲ್ಲಬಾರದು ಅಂತ. ಆ ಕೆಲಸ ಮಾಡಬೇಡ. ಹತ್ತು ರೂಪಾಯಿ ಕೂಡಿಸಿಕೊಂಡು ಬಂದ ಹುಡುಗ ಉಸಿರು ಹಿಡಿದು ಸರಿಯಾಗಿ ಹೊಡೆದರೆ ಅವನ ಪುಗ್ಗಾ ಒಡೆಯಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರಿನ ಏರ್‌ರೈಫಲಿನಲ್ಲೇ, ಅದೇ 4.5 ಮಿಲಿಮೀಟರ್ ಗುಂಡಿನಲ್ಲೇ. ನಮ್ಮ ಹುಡುಗರು ಬಂದೂಕು ಮೊದಲು ಮುಟ್ಟುವುದು ಜಾತ್ರೆಯಲ್ಲಿ. ಆ ಮೊದಲ ಬಂದೂಕು ನೆಟ್ಟಗೆ ಹೊಡೆಯಬೇಕು ಅಂತ ನನ್ನ ಹಟ.

ಕೆಲಸ ಮುಗಿದ ಮೇಲೆ ಗುಂಡಿಲ್ಲದೆ ಹೊಡೆದು ನೋಡಬೇಡ. ಗುಂಡಿನ ತಡೆ ಇಲ್ಲದಿದ್ದರೆ ಪಿಸ್ಟನ್ ಗಾಳಿಯ ಮೆತ್ತೆ ಇಲ್ಲದೆ ನೇರ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಮಣ್ಣು ತುಂಬಿದ ಚೀಲದ ಮುಂದೆ ಕಾಗದ ಕಟ್ಟಿ ಗುಂಡು ಹಾಕಿಯೇ ಹೊಡೆ, ಕನ್ನಡಕ ಹಾಕಿಕೋ. ಹೊಸ ಚರ್ಮದ ಬಂದೂಕು ಮೊದಲ ಕೆಲವು ಹೊಡೆತಕ್ಕೆ ತುಸು ಹೊಗೆ ಬಿಡುತ್ತದೆ, ಆಮೇಲೆ ನಿಲ್ಲಬೇಕು. ಗುಂಡು ಸೀಸದ್ದು. ಅಂಗಡಿಯ ಹುಡುಗರು ನಾಲ್ಕೈದು ಗುಂಡು ತುಟಿಯ ನಡುವೆ ಕಚ್ಚಿ ಹಿಡಿದು ಒಂದೊಂದೇ ತೆಗೆದು ತುಂಬುವುದನ್ನು ನೀನೂ ನೋಡಿರುತ್ತೀ. ಸೀಸ ಮೈಗೆ ವಿಷ, ಅದರಲ್ಲೂ ಬೆಳೆಯುವ ಮಕ್ಕಳಿಗೆ. ಸಣ್ಣ ತಟ್ಟೆ ಇಡಿಸು, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಲು ಹೇಳು.

ಬಂದೂಕು ವಾಪಸ್ ಕೊಡುವಾಗ ಮುರಿದ ಭಾಗವನ್ನು ಅಂಗಡಿಕಾರನಿಗೆ ತೋರಿಸು, ಯಾಕೆ ಮುರಿಯಿತು ಅಂತ ಹೇಳು, ಅದನ್ನು ಇಟ್ಟುಕೊಳ್ಳಲು ಅವನ ಒಪ್ಪಿಗೆ ಕೇಳು. ರಾತ್ರಿ ಎಳೆದು ಇಡಬಾರದು, ನಳಿಕೆಯ ಬುಡದಿಂದ ಎಣ್ಣೆ ಬಿಡಬಾರದು, ಪುಗ್ಗಾ ಹಲಗೆಯ ಹಿಂದೆ ದಪ್ಪ ಗೋಣಿ ಎರಡು ಪದರ ಇಳಿಬಿಡಬೇಕು, ಇಷ್ಟನ್ನು ಚೀಟಿಯಲ್ಲಿ ಬರೆದು ಕಟ್ಟಿಗೆಗೆ ಕಟ್ಟಿಬಿಡು. ಶಿರಸಿ ಜಾತ್ರೆ ಮುಗಿಸಿ ಬರುವಾಗ ಒಮ್ಮೆ ಇಳಿದು ತೋರಿಸಿ ಹೋಗು ಅಂತ ಹೇಳು. ಹಾಗೆ ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಬೇಡ.